ಕುಬಸದ ಹಸರು, ಸಾಲಿಯ ನೀಲಿ

ನನ್ನ ಹಿರೇ ಮೊಮ್ಮಗಳಿಗೆ ಏಳು ತಿಂಗಳು ತುಂಬ್ಯಾವ! ಇದನ್ನ ಮೊದಲ ಬರದುಬಿಟ್ಟೆ, ಉಳಿದದ್ದೆಲ್ಲ ಆಮ್ಯಾಲ. ಇನ್ನೆರಡು ತಿಂಗಳು ಕಳದರ ಮರಿಮೊಮ್ಮಗನೋ ಮರಿಮೊಮ್ಮಗಳೋ, ಯಾರರೆ ಬರಲಿ, ತೊಡಿ ಮ್ಯಾಲ ಹಾಕ್ಕೊಂಡು ಕೂಡತೇನಿ. ಹೋದ ವಾರ ಆಕಿ ಕುಬಸದ ಕಾರ್ಯ, ಅಂದರ ಸೀಮಂತ, ಮಾಡಿದಿವಿ. ಓಣಿ ತುಂಬ ಹೇಳಿ ಮುಗಿಸೇನಿ, ಹಾಲಿನಾಂವಗ ಎರಡು ಸಲ ಹೇಳೇನಿ, ಇನ್ನೂ ಹೊಟ್ಟಿ ತಣ್ಣಗಾಗವಲ್ದು. ಅದಕ್ಕ ನೋಟಬುಕ್ ಹಿಡದು ಕುಂತೇನಿ. ಮೂರನೇ ಇಯತ್ತೆಗೆ ಸಾಲಿ ಬಿಟ್ಟ ಕೈ ಇದು. ಅಕ್ಷರ ಸೊಟ್ಟ ಇದ್ದರ ಇರಲಿ. ಈ ಕೈ ಹಾಕಿದ ಹೊಲಿಗಿ ಎಂದೂ ಸೊಟ್ಟ ಬಂದಿಲ್ಲ.

ಖುಷಿ ಹೌದು, ಆದರ ಆ ದಿನ ನನಗ ಆದ ತಲಿಬ್ಯಾನಿ ವೈರಿಗೂ ಬ್ಯಾಡ. ಎಲ್ಲಾ ಒಂದು ಫೋಟೋದ ಸಲುವಾಗಿ. ಮತ್ತ ಅದರಾಗ ತಪ್ಪು ಯಾರದು ಅಂತ ಕೇಳಿದರ, ನನ್ನ ಹೆಂಡತಿ ಈಗೂ ಬಾಯಿ ಮಾಡದೆ ಬರೇ ನನ್ನ ಕಡೆ ಬೆರಳು ತೋರಸತಾಳ.

ನಾನು ಟೇಲರ್. ತಿಕೋಟಾದಾಗ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯೊಳಗ ನಲವತ್ತು ವರ್ಷ ಮಷೀನ್ ತುಳದೇನಿ. ಹೊನವಾಡ, ಕಳ್ಳಕವಟಗಿ ಕಡೆಯಿಂದ ಹೆಣ್ಣುಮಕ್ಕಳು ಬಸ್ ಹತ್ತಿ ನನ್ನ ಹತ್ರ ಕುಬಸ ಹೊಲಸಾಕ ಬರತಿದ್ದರು. ಯಾಕಂದರ ನನ್ನ ಮ್ಯಾಚಿಂಗ್. ಸೀರಿಗೆ ಕುಬಸ ಹಚ್ಚಿ ನೋಡಿದರ ಎಲ್ಲಿ ಸೀರಿ ಮುಗೀತು, ಎಲ್ಲಿ ಕುಬಸ ಚಾಲೂ ಆತು ಗೊತ್ತಾಗಬಾರದು, ಅಂಥಾ ಮ್ಯಾಚಿಂಗ್. ಅದಾ ನನ್ನ ಹೆಸರು, ಅದಾ ನನ್ನ ಸೊಕ್ಕು. ಈಗ ಮಂಡಿ ನೋವು ಶುರು ಆಗಿ, ವಿಜಯಪುರದಾಗ ಅಥಣಿ ರಸ್ತೆಯ ಲೇಔಟಿನೊಳಗ ಮಗನ ಮನಿಗೆ ಬಂದು ಇದ್ದೇವಿ. ಮಗಾ ಆಫೀಸಿಗೆ ಹೋಗತಾನ. ತಿಕೋಟಾದ ಅಂಗಡಿಗೆ ಕೀಲಿ ಹಾಕೇನಿ, ಖಾಲಿ ಮಾಡಿಲ್ಲ. ಒಳಗ ಮಷೀನ್ ಐತಿ, ಟ್ರಂಕ್ ಐತಿ. "ಆ ಹಳೇ ಚಿಂದಿ ಯಾತಕ್ಕ ಕಾಯತೀರಿ?" ಅಂತ ಹೆಂಡತಿ ಕೇಳದ ದೀಪಾವಳಿ ಇಲ್ಲ.

ನನಗ ಇಬ್ಬರು ಮೊಮ್ಮಕ್ಕಳು. ಹಿರ್ಯಾಕಿನ ಬಬಲೇಶ್ವರಕ್ಕ ಕೊಟ್ಟೇವಿ. ಸಣ್ಣಾಕಿ ಫೋಟೋ ತಗಿಯೂದು ಕಲತು ಬಂದು, ನಮ್ಮ ಮನಿ ಕೆಳಗಿನ ಗ್ಯಾರೇಜಿನ್ಯಾಗ ಸ್ಟುಡಿಯೋ ಹಾಕ್ಯಾಳ. ಹಾಕಿ ಮೂರು ತಿಂಗಳಾಗಿಲ್ಲ. ಒಂದು ದಿನ ಆಕಿ ನನ್ನ ಮುಂದ ಬಂದು ಕುಂತಳು.

"ಮುತ್ಯಾ, ಒಂದು ದೊಡ್ಡ ಹಸರ ಬಟ್ಟಿ ಹೊಲದು ಕೊಡು. ಗ್ವಾಡಿ ತುಂಬ ಆಗಬೇಕು. ಒಂದು ಸುಕ್ಕ ಇರಬಾರದು."

"ಪರದೇನ?"

"ಪರದೆನಾ. ಆದರ ಅದು ಫೋಟೋದಾಗ ಕಾಣೂದಿಲ್ಲ."

ಕಾಣದ ಬಟ್ಟಿ ಯಾತಕ್ಕ ಹೊಲೀಬೇಕು? ನನಗ ಸಿಟ್ಟ ಬಂತು. ಆಕಿ ಸಾವಕಾಶ ಹೇಳಿದಳು. ಹಸರ ಬಟ್ಟಿ ಮುಂದ ಮನಷ್ಯಾನ ನಿಲ್ಲಿಸಿ ಫೋಟೋ ತಗೀತಾಳಂತ. ಆಮ್ಯಾಲ ಕಂಪ್ಯೂಟರಿಗೆ ಆ ಹಸರ ಬೆರಳು ಮಾಡಿ ತೋರಿಸಿ, ಈ ಬಣ್ಣ ಎಲ್ಲೆಲ್ಲಿ ಐತಿ ಅಲ್ಲೆಲ್ಲಾ ಕತ್ತರಿಸಿ ಒಗಿ ಅಂತ ಹೇಳತಾಳಂತ. ಬಟ್ಟಿ ಹೋಗಿ ಮನಷ್ಯಾ ಉಳೀತಾನ. ಖಾಲಿ ಆದ ಜಾಗದಾಗ ಗುಡ್ಡ ಇಡು, ಸಮುದ್ರ ಇಡು, ಗೋಳಗುಮ್ಮಟ ಇಡು, ನಿನ್ನ ಖುಷಿ.

"ಹಸರನಾ ಯಾಕ? ಕೆಂಪ ಯಾಕಿಲ್ಲ?"

"ಕೆಂಪ ಕತ್ತರಿಸಂದರ ತುಟಿ, ಗಲ್ಲ, ಕುಂಕಮ ಎಲ್ಲಾ ಕತ್ತರಸತೈತಿ. ಮನಷ್ಯಾರ ಮೈಯಾಗ, ಕೂದಲದಾಗ ಹಸರ ಇಲ್ಲಲ್ಲ ಮುತ್ಯಾ. ಅದಕ್ಕ."

"ಸುಕ್ಕ ಇದ್ದರ ಏನಾಗತೈತಿ?"

"ಸುಕ್ಕಿಗೆ ನೆಳ್ಳ ಬೀಳತೈತಿ. ನೆಳ್ಳ ಬಿದ್ದಲ್ಲಿ ಹಸರ ಕಪ್ಪಾಗತೈತಿ. ಅದು ಬ್ಯಾರೆ ಬಣ್ಣ ಅಂತ ತಿಳಕೊಂಡು ಕಂಪ್ಯೂಟರ ಅಲ್ಲಿ ಕತ್ತರಸೂದಿಲ್ಲ. ಫೋಟೋದಾಗ ಗೆರಿ ಗೆರಿ ಉಳೀತಾವ."

ಹಂಗಾರ ಅದಕ್ಕ ಕತ್ತರಿ ಐತಿ, ಕಣ್ಣಿಲ್ಲ ಅಂತ ನಾ ಅಂದೆ. ಬಣ್ಣ ಗೊತ್ತು, ಬಟ್ಟಿ ಗೊತ್ತಿಲ್ಲ. ಬರೋಬ್ಬರಿ ಹೇಳಿದಿ ಅಂತ ಆಕಿ ನಕ್ಕಳು. ಆಗ ನಕ್ಕದ್ದು ಆತು, ಮುಂದ ಅದಾ ಮಾತು ನನ್ನ ಕೊರಳಿಗೆ ಬಂತು.

ಬಜಾರಕ್ಕ ಹೋದೆ. ಐದು ಅಂಗಡಿ ಹತ್ತಿ ಇಳದೆ. ಸಣ್ಣಾಕಿ ತನ್ನ ಫೋನಿನ್ಯಾಗ ತೋರಿಸಿದ ಹಸರಿಗೆ ಸರಿಯಾಗಿ ಕೂಡೂ ಒಂದು ತಾನ ಬಟ್ಟಿ ಸಿಕ್ಕಿತು. ಓಣಿಯವರ ಮಷೀನ್ ಕೇಳಿ ತಂದು, ನಾಕು ಪನ್ನಾ, ಅಂದರ ಬಟ್ಟಿ ಅಗಲದ ಪಟ್ಟಿ, ಕೂಡಿಸಿ, ಹೊಲಿಗಿ ಅಂಚು ಎರಡೂ ಕಡೆ ಬಿಡಿಸಿ ಇಸ್ತ್ರಿ ಹೊಡದು, ಎಲ್ಲಿ ಜೋಡಿಸೇನಿ ಅಂತ ಕೈಯಾಡಿಸಿದರೂ ಗೊತ್ತಾಗದಂಗ ಮಾಡಿ ಕೊಟ್ಟೆ. ಇನ್ನೂ ಒಂದೂವರಿ ಮೀಟರ ಉಳೀತು. ಹಿರ್ಯಾಕಿ ಕುಬಸ ಹತ್ರ ಬಂದಿತ್ತು. ನಮ್ಮ ಕಡೆ ಏಳನೇ ತಿಂಗಳಿಗೆ ತವರಿನವರು ಬಸಿರಿಗೆ ಹಸರ ಸೀರಿ ಉಡಿಸಿ, ಹಸರ ಕುಬಸ ತೊಡಿಸಿ, ಕೈತುಂಬ ಹಸರ ಬಳಿ ಇಟ್ಟು ಉಡಿ ತುಂಬತೇವಿ. ತಂಗಿ ಕೆಲಸಕ್ಕ ತಂದ ಬಟ್ಟಿಯಾಗ ಅಕ್ಕನ ಕುಬಸ! ಎಂಥಾ ಚಲೋ ಶಕುನ ಅಂತ ನನಗ ಕಣ್ಣು ತುಂಬಿ ಬಂದವು. ಉಳಿದ ಬಟ್ಟಿಯಾಗ ಕುಬಸ ಹೊಲದೆ. ಅಷ್ಟಕ್ಕ ಸುಮ್ಮನಿದ್ದೆನ? ಆ ಬಟ್ಟಿ ತುಂಡು ಕಿಸೆಯಾಗ ಇಟಗೊಂಡು ಸೀರಿ ಅಂಗಡಿಗೆ ಹೋಗಿ, ಅಂಗಡ್ಯಾಂವ ನಲವತ್ತು ಸೀರಿ ಬಿಚ್ಚೂ ತನಕ ಬಿಡದೆ, ಎಳಿ ಎಳಿ ಹಚ್ಚಿ ನೋಡಿ, ಅದಾ ಹಸರಿನ ಇಳಕಲ್ ಸೀರಿ ತಂದೆ. ಕೆಂಪು ಅಂಚು, ಕೆಂಪು ಸೆರಗು. ಬಳಿಗಾರಗೂ ಅದಾ ತುಂಡು ತೋರಿಸಿದೆ. ಅಂವಾ "ಮುತ್ಯಾ, ಬಳಿ ಅದಾವ, ಬಟ್ಟಿ ಅಲ್ಲ" ಅಂದ. ಅಂದರೂ ಅದಾ ಬಣ್ಣದ್ದ ಹುಡಕಿ ಕೊಟ್ಟ.

ಇನ್ನ ಬೀಗರ ಮನಿ ಪದ್ಧತಿ ಹೇಳಬೇಕು. ಬಬಲೇಶ್ವರದ ಅವರ ಪಡಸಾಲಿ ಗ್ವಾಡಿ ಮ್ಯಾಲ ಒಂದು ಸಾಲು ಫೋಟೋ ಅದಾವ. ಆ ಮನಿಗೆ ಬಂದ ಪ್ರತಿ ಸೊಸಿ, ಕುಬಸ ಆದ ದಿನ ಅದಾ ಸೀರಿ ಮ್ಯಾಲ ಅವರ ಹೊಲದ ಬಾವಿ ಕಟ್ಟಿ ಮ್ಯಾಲ ಕುಂತು ತಗಸಿಕೊಂಡ ಫೋಟೋ. ಬೀಗತಿಯ ಅತ್ತಿ, ಬೀಗತಿ, ಆಕಿ ನೆಗೆಣ್ಣಿ, ಸಾಲು ಹಂಗ ನಡದೈತಿ. ದೀಪ ಹಚ್ಚಿದ ಮ್ಯಾಲ ಸೀರಿ ಬಿಚ್ಚಬೇಕು, ಅದರೊಳಗ ಫೋಟೋ ಆಗಬೇಕು. ಮದುವ್ಯಾಗಿ ಹೋದ ದಿನದಿಂದ ನಮ್ಮ ಹಿರ್ಯಾಕಿಗೆ ಆ ಸಾಲಿನ ಕಡೀಕ ಗ್ವಾಡಿಗೆ ಬಡದ ಖಾಲಿ ಮಳಿ, ಫೋಟೋ ತೂಗಹಾಕೂ ಮಳಿ, ಮ್ಯಾಲ ಕಣ್ಣು. "ಮುತ್ಯಾ, ಆ ಮಳಿ ಕೆಳಗ ಹಾದಾಗೊಮ್ಮೆ ನೋಡತೀನಿ" ಅಂತಿದ್ದಳು. ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಇದು ಮೂರನೇದ್ದು. ಹಂಗಾಗಿ ಆ ಮಳಿ ಅಂದರ ಆಕಿಗೆ ಬರೇ ಮಳಿ ಅಲ್ಲ.

ಕುಬಸಕ್ಕ ಎರಡು ದಿನ ಇದ್ದಾಗ, ತವರಿಗೆ ಬಂದಿದ್ದ ಹಿರ್ಯಾಕಿನ್ನ ನೋಡಿ ಡಾಕ್ಟರಬಾಯಿ, ಇನ್ನ ಹಡಿಯೂತನಕ ಗಾಡಿಯಾಗ ಕುಲಕಿಕೊಂತ ಎಲ್ಲೂ ಹೋಗೂದು ಬ್ಯಾಡ ಅಂದರು. ಹೊಲದ ದಾರಿ ಅಂದರ ಎತ್ತಿನ ಬಂಡಿಗೂ ಬ್ಯಾಸರ. ಮುಗೀತು, ಬಾವಿ ಕಟ್ಟಿ ಇಲ್ಲ. ಹಿರ್ಯಾಕಿ ಒಂದು ಹೊತ್ತು ಉಣಲಿಲ್ಲ. ಆಗ ಸಣ್ಣಾಕಿ ಬೀಗತಿಗೆ ಫೋನ್ ಮಾಡಿ ಮಾತು ಕೊಟ್ಟಳು. "ಅತ್ತಿ, ಬಾವಿ ಕಟ್ಟಿಗೆ ಅಕ್ಕಾ ಬರೂದಿಲ್ಲ, ಅಕ್ಕನ ಹತ್ರ ಬಾವಿ ಕಟ್ಟಿ ತರತೀನಿ. ಮಾಮಾಗ ಹೇಳ್ರಿ, ಖಾಲಿ ಕಟ್ಟಿ ಫೋಟೋ ಹೊಡಕೊಂಡು ಬರ್ಲಿ."

ಬೀಗತಿ ಮಾತು ಕಡಿಮಿ, ಆಡಿದರ ಸೂಜಿ. "ತರವ್ವಾ. ನಮ್ಮ ಗ್ವಾಡಿ ಮ್ಯಾಲ ಏರೂವಂಗಿದ್ದರ ಏರಸತೀನಿ. ಇಲ್ಲದಿದ್ರ ಮಳಿ ಖಾಲಿ ಇರಲಿ" ಅಂದಳು.

ಕುಬಸದ ದಿನ ಮುಂಜಾನಿ ಬಬಲೇಶ್ವರದಿಂದ ಬೀಗರು ಬಂದರು. ಉಡಿ ತುಂಬಿದ್ದಾತು, ಆರತಿ ಆತು. ಹಸರ ಸೀರಿಯಾಗ ನನ್ನ ಮೊಮ್ಮಗಳು ಕುಂತದ್ದು ನೋಡಿ ನಾನು ಇದ್ದಬಿದ್ದವರಿಗೆಲ್ಲಾ "ಸೀರಿ ಯಾವುದು, ಕುಬಸ ಯಾವುದು, ತೋರಸ್ರಿ ನೋಡೂಣು" ಅಂತ ಸವಾಲ ಹಾಕಿಕೊಂತ ತಿರಗಿದೆ. ಬೀಗ ತನ್ನ ಫೋನಿನ್ಯಾಗ ಬಾವಿ ಕಟ್ಟಿ ತಂದಿದ್ದ. ಆರು ಫೋಟೋ. ಮೂರರಾಗ ಅಂವನ ಹೆಬ್ಬೆರಳ ಇತ್ತು, ಎರಡರಾಗ ಎಮ್ಮಿ ಇತ್ತು, ಒಂದು ಚಲೋ ಬಂದಿತ್ತು.

ಮಧ್ಯಾಹ್ನ ಕೆಳಗ ಸ್ಟುಡಿಯೋಕ್ಕ ಇಳದಿವಿ. ಸಣ್ಣಾಕಿ ಬಟ್ಟಿ ಮ್ಯಾಲ ಎರಡು ಲೈಟ್ ಬಿಟ್ಟಳು, ಎಲ್ಲೂ ಹೆಚ್ಚುಕಡಿಮಿ ಬೆಳಕು ಇರಬಾರದಂತ. ಅಕ್ಕನ ಕಡೆ ಮತ್ತೊಂದು ಲೈಟ್. ಬಟ್ಟಿಯಿಂದ ಆರು ಫೂಟ್ ಮುಂದ ಸ್ಟೂಲ್ ಇಟ್ಟಳು. ಬಟ್ಟಿಗೆ ಹತ್ತಿ ಕುಂತರ ಅದರ ಹಸರ ಗಲ್ಲದ ಮ್ಯಾಲ ಬೀಳತೈತಿ ಅಂದಳು. ಅಕ್ಕನ್ನ ನೋಡಿ, "ಅಕ್ಕಾ, ಸೀರಿ ಬದಲ ಮಾಡಕೊಂಡು ಬರತೀಯಲ್ಲ?" ಅಂತ ಕೇಳಿದಳು.

"ಬದಲ? ಯಾಕ ಬದಲ?" ಅಂತ ನಾ ಬಾಯಿ ಹಾಕಿದೆ. "ಕುಬಸದ ಸೀರಿ ಬಿಚ್ಚಿ ಕುಬಸದ ಫೋಟೋ ತಗೀತಿಯೇನ? ಹೊಡಿ ಸುಮ್ಮನ."

"ಮುತ್ಯಾ, ನಾ ಏನ ಹೇಳಾಕತ್ತೇನಿ ಅಂದ್ರ..."

"ಹೊಡಿ ಅಂದ್ನಿಲ್ಲೊ!"

ಇದು ನನ್ನ ಬಾಯಿ. ಈ ಬಾಯಿಗೆ ಯಾವ ಟೇಲರನೂ ಹೊಲಿಗಿ ಹಾಕಲಿಲ್ಲ. ಹುಡುಗಿ ಹಿರ್ಯಾರ ಮುಂದ ಮಾತು ಬೆಳಸಬಾರದು ಅಂತ ಸುಮ್ಮನಾದಳು. ಫಟ್ ಫಟ್ ಅಂತ ಹತ್ತು ಫೋಟೋ ಹೊಡದಳು. "ಬರ್ರಿ, ಎಲ್ಲಾರೂ ನೋಡ ಬರ್ರಿ" ಅಂತ ಬೀಗತಿನ, ಬೀಗನ, ಹೆಂಡತಿನ ನಾನಾ ಕರದು ಕಂಪ್ಯೂಟರ ಮುಂದ ನಿಲ್ಲಿಸಿದೆ. ಸಣ್ಣಾಕಿ ಒಲ್ಲದ ಮನಸಿನಿಂದ ಒಂದು ಗುಂಡಿ ಒತ್ತಿದಳು.

ಬಾವಿ ಕಟ್ಟಿ ಬಂತು. ಕಟ್ಟಿ ಮ್ಯಾಲ ಗಾಳಿಯಾಗ ನನ್ನ ಮೊಮ್ಮಗಳ ಮುಖ. ಅದರ ಕೆಳಗ ಕೆಂಪು ಅಂಚು ಹಾವಿನಂಗ ಹರದಿತ್ತು. ಎರಡು ಕೈ ಬ್ಯಾರೆ ತೇಲಾಕತ್ತಿದ್ದವು, ಬಳಿ ಇದ್ದಲ್ಲೆಲ್ಲಾ ಕೊಯ್ದಂಗ. ಉಡ್ಯಾಗಿನ ತೆಂಗಿನಕಾಯಿ ಯಾರ ಆಧಾರನೂ ಇಲ್ಲದ ನಡುವ ನಿಂತಿತ್ತು. ಏಳು ತಿಂಗಳ ಹೊಟ್ಟಿ ಇರಬೇಕಾದಲ್ಲಿ ಬಾವಿಯ ಗಡಗಡಿ, ನೀರು ಸೇದೂ ರಾಟಿ, ಕಾಣತಿತ್ತು.

ಮೊದಲ ನಕ್ಕದ್ದು ಹಿರ್ಯಾಕಿ. ಅರ್ಧ ನಕ್ಕು, ಹೊಟ್ಟಿ ಮ್ಯಾಲ ಕೈ ಇಟಗೊಂಡು, ಹಂಗಾ ಅಳಾಕ ಹತ್ತಿದಳು.

"ನಮ್ಮ ಸೊಸಿ ಹೊಟ್ಟೀನ ಮಾಯ ಮಾಡಿದ್ರಲ್ಲೋ ಯಪ್ಪಾ!" ಅಂತ ಬೀಗತಿ ಸೆರಗು ಬಾಯಿಗೆ ಇಟ್ಟಳು. "ಅಳಸ್ರಿ ಅದನ್ನ. ಮೊದಲ ಅಳಸ್ರಿ. ಶುಭ ದಿನ ಎಂಥಾ ಅಪಶಕುನ ಇದು!"

ಹೆಂಡತಿ ನನ್ನ ಕಡೆ ತಿರಗಿದಳು. "ನಲವತ್ತು ವರ್ಷ ಮ್ಯಾಚಿಂಗ್ ಮ್ಯಾಚಿಂಗ್ ಅಂದ್ರಿ. ನೋಡ್ರಿ ಈಗ, ಮೊಮ್ಮಗಳು ಗ್ವಾಡಿಗೇ ಮ್ಯಾಚ್ ಆದಳು."

ಕತ್ತರಿ ಐತಿ, ಕಣ್ಣಿಲ್ಲ ಅಂತ ಅಂದಾಂವ ನಾನಾ. ಹಸರ ಕಂಡಲ್ಲಿ ಕತ್ತರಿಸಂದರು, ಅದು ಕತ್ತರಿಸಿತು. ಬ್ಯಾರೆ ಟೇಲರ ಹೊಲದಿದ್ದರ ಬಣ್ಣದಾಗ ಒಂದೀಟು ಫರಕ್ ಇದ್ದು, ಅರ್ಧರೆ ಮೈ ಉಳೀತಿತ್ತೋ ಏನೋ. ನನ್ನ ಕೈಯಿಂದ ಬಂದದ್ದಕ್ಕ ಒಂದು ಎಳಿ ಫರಕ್ ಇಲ್ಲ, ಒಂದು ಎಳಿ ಉಳೀಲಿಲ್ಲ.

ಸಣ್ಣಾಕಿ ಆ ಗುಂಡಿ ಈ ಗುಂಡಿ ಒತ್ತಿದಳು. ಬಣ್ಣ ಕಡಿಮಿ ಹಿಡಿ ಅಂತ ಹೇಳಿದರ ಸೀರಿ ಬರತಿತ್ತು, ಅದರ ಜೋಡಿ ಹಿಂದಿನ ಬಟ್ಟಿನೂ ಹರಕ ಹರಕ ಬರತಿತ್ತು. ಹೆಚ್ಚ ಹಿಡಿ ಅಂದರ ಎರಡೂ ಹೋಗತಿದ್ದವು. ಕೈಯಿಂದ ಕತ್ತರಿಸಬಹುದು, ಆದರ ಕೂದಲದ ಎಳಿ, ಸೆರಗಿನ ಗೊಂಡೆ ಎಲ್ಲಾ ಬಿಡಿಸಿ ಬರೂದಕ್ಕ ದಿನಗಟ್ಟಲೆ ಬೇಕು ಅಂದಳು. "ಅಕ್ಕಾ ಫೋಟೋಕ್ಕ ಬ್ಯಾರೆ ಸೀರಿ ಉಡತಾಳ ಅಂತ ತಿಳಕೊಂಡಿದ್ದೆ ನಾನು. ಮೊದಲಾ ಹೇಳಬೇಕಿತ್ತು, ನನ್ನದಾ ತಪ್ಪು" ಅಂತ ತಲಿ ಕೆಳಗ ಹಾಕಿದಳು. ನನ್ನ ತಪ್ಪು ಆಕಿ ತನ್ನ ಉಡಿಯಾಗ ಹಾಕ್ಕೊಂಡದ್ದು ನೋಡಿ ನನಗ ನನ್ನ ಮ್ಯಾಲಾ ಸಿಟ್ಟ ಬಂತು.

"ಒಂದು ಕೆಂಪ ಸೀರಿ ಉಟಗೊಂಡರ ಹತ್ತು ನಿಮಿಷದ ಕೆಲಸ" ಅಂತ ನನ್ನ ಮಗ ಬಾಗಿಲದಾಗ ನಿಂತು ಅಂದ.

"ನಮ್ಮ ಫೋಟೋ ಸಾಲಿನ್ಯಾಗ ಎಲ್ಲಾರೂ ಹಸರ ಸೀರಿ" ಅಂದಳು ಬೀಗತಿ.

"ಅತ್ತಿ, ನಿಮ್ಮ ಫೋಟೋ ಕಪ್ಪು ಬಿಳಪು ಐತಲ್ಲ" ಅಂತ ಸಣ್ಣಾಕಿ ಮೆಲ್ಲಕ ಅಂದಳು. "ಅದು ಹಸರ ಅಂತ ನೋಡಿದವರಿಗೆ ಹೆಂಗ ಗೊತ್ತಾಗಬೇಕು?"

"ಉಟ್ಟಾಕಿಗೆ ಗೊತ್ತೈತಲ್ಲವಾ."

ಹಿರ್ಯಾಕಿ ಕಣ್ಣು ಒರಸಿಕೊಂಡು, "ಇರಲಿ ಬಿಡ್ರಿ ಅತ್ತಿ, ಮಳಿ ಖಾಲಿ ಇರಲಿ" ಅಂದಳು. ಆ ದನಿ ಕೇಳಿ ಬೀಗತಿಗೆ ಏನಾತೋ, ಸಿಟ್ಟೆಲ್ಲಾ ನಮ್ಮ ಮ್ಯಾಲ ತಿರಗಿಸಿದಳು.

"ಅಜ್ಜಾರ, ಅಷ್ಟೊತ್ತಿನಿಂದ ನನ್ನ ಸೊಸಿ ಸೀರಿನಾ ಬಿಚ್ಚಸಾಕ ನಿಂತೀರಿ. ಹಿಂದಿಂದು ಬರೇ ಬಟ್ಟಿ ಅಲ್ಲೇನು? ಅದನ್ನ ಬದಲ ಮಾಡಾಕ ಏನ ಬ್ಯಾನಿ?"

ಸಣ್ಣಾಕಿ ಗಪ್ಪನ ತಲಿ ಎತ್ತಿದಳು. "ನೀಲಿ! ಮುತ್ಯಾ, ನೀಲಿನೂ ನಡೀತೈತಿ. ಮೈಯಾಗ ನೀಲಿನೂ ಇರೂದಿಲ್ಲ. ಆದರ ನನ್ನ ಹತ್ರ ನೀಲಿ ಬಟ್ಟಿ ಇಲ್ಲ. ಕಣ್ಣ ಕುಕ್ಕೂವಂಥ ನೀಲಿ ಬೇಕು, ಮಿಂಚಬಾರದು, ಗ್ವಾಡಿ ತುಂಬ ಆಗಬೇಕು. ಬಜಾರ ಇವತ್ತ ಬಂದ್."

ಕಣ್ಣ ಕುಕ್ಕೂವಂಥ ನೀಲಿ! ನಾನು ಸ್ಟೂಲ್ ಬಿಟ್ಟು ಎದ್ದೆ. ಬಾಳ ವರ್ಷದ ಹಿಂದ ಒಂದು ಸಾಲಿಯವರು ಹುಡಿಗ್ಯಾರ ಯೂನಿಫಾರ್ಮ್ ಹೊಲಿ ಅಂತ ಹೇಳಿದ್ದರು. ನಾ ತಂದ ನೀಲಿ ನೋಡಿ ಹೆಡ್ ಮಾಸ್ತರು, "ಏನಪಾ ಇದು, ಮಕ್ಕಳು ಸಾಲಿಗೆ ಬರಬೇಕು, ನಾಟಕಕ್ಕಲ್ಲ" ಅಂತ ವಾಪಸ್ ಕಳಿಸಿದ್ದರು. ಅದಾ ತಾನ ತಿಕೋಟಾದ ಅಂಗಡಿ ಟ್ರಂಕಿನ್ಯಾಗ ಮಲಗಿತ್ತು. ಹೆಂಡತಿ ಪ್ರತಿ ದೀಪಾವಳಿಗೆ ಒಗಿ ಅಂತಿದ್ದ ಚಿಂದಿ ಅದಾ. ನಾ ಆಕಿ ಮುಖ ನೋಡಿದೆ. ಆಕಿ ಕೀಲಿ ಗೊಂಚಲ ತಂದು ನನ್ನ ಕೈಯಾಗ ಇಟ್ಟಳು. ಒಂದು ಮಾತೂ ಆಡಲಿಲ್ಲ. ಅದು ಆಕಿಗೆ ಎಷ್ಟು ಕಷ್ಟ ಆತೋ ನನಗ ಗೊತ್ತು.

ಬೀಗ ಗಾಡಿ ತಗದ. ಅಥಣಿ ರಸ್ತೆ ಹಿಡದು ತಿಕೋಟಾಕ್ಕ. ಒಣದ್ರಾಕ್ಷಿ ಶೆಡ್ಡುಗಳು ಹಿಂದ ಹಿಂದ ಹೋದವು. ಹೊತ್ತು ಮೂರರ ಮ್ಯಾಲ ಆಗಿತ್ತು. ಬೀಗ ಮಾತಿನ ಮನಷ್ಯಾ ಅಲ್ಲ, ಆದರೂ ಕೇಳಿದ.

"ಅಜ್ಜಾರ, ಈ ನೀಲಿ ಬಟ್ಟಿಗೂ ಮೊಮ್ಮಗಳ ಯಾವುದರೆ ಮ್ಯಾಚಿಂಗ್ ಮಾಡೀರೇನು? ಈಗ ಹೇಳಿಬಿಡ್ರಿ."

ಬೈಯಲಿ ಅಂದರ ಬೀಗರು. ನಗಲಿ ಅಂದರ ನಗಿ ಬರವಲ್ದು. "ನೀವು ರಸ್ತೆ ನೋಡಿ ಹೊಡೀರಿ" ಅಂದೆ.

ಅಂಗಡಿ ಕೀಲಿ ತಗೀಲಿಲ್ಲ, ತುಕ್ಕು ಹಿಡದಿತ್ತು. ಬಾಜೂ ಹಿಟ್ಟಿನ ಗಿರಣಿಯವರ ಕಡೆ ಎಣ್ಣಿ ತೊಗೊಂಡು ಹಾಕಿ, ಬೀಗ ಎರಡು ಗುದ್ದಿದ ಮ್ಯಾಲ ಬಾಯಿ ಬಿಟ್ಟಿತು. ಟ್ರಂಕ್ ತಗದರ ಡಾಂಬರಗುಳಿಗಿ ನಾತ, ಅದರ ಕೆಳಗ ನನ್ನ ನೀಲಿ. ಇಲಿ ಮುಟ್ಟಿರಲಿಲ್ಲ. ಆದರ ಮಡಿಕಿ! ಹತ್ತಾರು ವರ್ಷದ ಮಡಿಕಿ, ಚಾಕುವಿನಿಂದ ಗೆರಿ ಎಳದಂಗ. ಒಂದೊಂದು ಮಡಿಕಿಗೂ ನೆಳ್ಳ, ಒಂದೊಂದು ನೆಳ್ಳಿಗೂ ಗೆರಿ. ನನಗ ಅಲ್ಲೇ ಕುಂತು ಅಳಬೇಕು ಅನಸಿತು.

ಅಳಾಕ ಹೊತ್ತಿರಲಿಲ್ಲ. ಮೂರು ಪನ್ನಾ ಅಳದು ಕತ್ತರಿಸಿದೆ. ಬಟ್ಟಿ ನೆಲಕ್ಕ ಹತ್ತಬಾರದು ಅಂತ ಆರು ಫೂಟಿನ ಬೀಗ ನನ್ನ ಸಣ್ಣ ಸ್ಟೂಲ್ ಮ್ಯಾಲ ಮುದುಡಿ ಕುಂತು, ಎರಡೂ ಕೈಯಾಗ ಸೆರಗು ಹಿಡದಂಗ ಹಿಡಕೊಂಡ. ಮಷೀನ್ ಮೊದಲ ಕಿರ್ ಅಂದಿತು. ಅದಕ್ಕೂ ಎಣ್ಣಿ ಹಾಕಿದೆ. ಆಮ್ಯಾಲ ನನ್ನ ಮಂಡಿಗೆ ನೋವು ಅನ್ನೂದು ನೆನಪಾಗಲಿಲ್ಲ, ಮಷೀನಿಗೆ ವಯಸ್ಸು ಅನ್ನೂದು ನೆನಪಾಗಲಿಲ್ಲ. ಹೊಲಿಗಿ ಅಂಚು ಬಿಡಿಸಿ ನೀರು ಚಿಮುಕಿಸಿ ಇಸ್ತ್ರಿ ತಿಕ್ಕಿದೆ. ಮಡಿಕಿ ಸಾಯಲಿಲ್ಲ. ಹಸಿ ಧೋತರ ಮ್ಯಾಲ ಹಾಸಿ ಮತ್ತ ತಿಕ್ಕಿದೆ. ಆಗ ಸತ್ತವು. ಮಡಚಿದರ ಮತ್ತ ಹುಟ್ಟತಾವ ಅಂತ, ಅಂಗಡಿಯಾಗಿನ ಬಿದಿರ ಗಳಕ್ಕ ಸುತ್ತಿ, ಗಾಡಿ ಕಿಡಕಿಯಿಂದ ಅರ್ಧ ಹೊರಗ ಬಿಟ್ಟು ತಂದಿವಿ. ದಾರ್ಯಾಗ ಕಂಡವರೆಲ್ಲಾ ಯಾರ ಮನಿ ಮಂಟಪ ಅಂತ ನೋಡತಿದ್ದರು.

ಮನಿ ಮುಟ್ಟಿದಾಗ ಬಿಸಲು ಹಳದಿಯಾಗಿತ್ತು. ಬಟ್ಟಿ ಕಟ್ಟಿದಿವಿ. ಸಣ್ಣಾಕಿ ಬಾವಿ ಕಟ್ಟಿ ಫೋಟೋ ಮತ್ತೊಮ್ಮೆ ನೋಡಿ, ಅಲ್ಲಿ ಬಿಸಲು ಎಡಕಿನಿಂದ ಐತಿ ಅಂತ ಅಕ್ಕನ ಲೈಟ್ ಎಡಕ್ಕ ಸರಿಸಿದಳು. ಗುಂಡಿ ಒತ್ತಾಕ ಕೈ ಹಾಕಿದಳು.

"ನಿಂದ್ರು" ಅಂದೆ. ಈ ಸಲ ನನ್ನ ಬಾಯಿ ಅಲ್ಲ, ಕಣ್ಣು ಮಾತಾಡಿತು. ಕನ್ನಡಕ ಒರಸಿ ಹಾಕ್ಕೊಂಡು ಮೊಮ್ಮಗಳ ಹತ್ರ ಹೋಗಿ, ಸೀರಿ ಅಂಚು, ಸೆರಗು, ಕುಬಸದ ತೋಳು, ಎಲ್ಲಾ ಎಳಿ ಎಳಿ ನೋಡಿದೆ, ಎಲ್ಲೆರೆ ನೀಲಿ ಐತೇನ ಅಂತ. ಬಟ್ಟಿಯಾಗ ಇರಲಿಲ್ಲ. ಕಿವಿಯಾಗ ಇತ್ತು. ಓಲೆಗೆ ನಡುವ ನೀಲಿ ಹರಳು.

"ಇದು ಕತ್ತರಿಸಿದ್ದರ ಕಿವಿ ತೂತು ಬೀಳತಿತ್ತು" ಅಂದೆ.

ಸಣ್ಣಾಕಿ ನನ್ನ ಮುಖ ನೋಡಿ, "ಮುತ್ಯಾ, ನೀ ಸ್ಟುಡಿಯೋಕ್ಕ ಕೆಲಸಕ್ಕ ಬಾ" ಅಂದಳು. ಓಲೆ ಬಿಚ್ಚಿದರ ಕಿವಿ ಬರಿದು, ಬಸಿರಿ ಕಿವಿ ಬರಿದಿರಬಾರದು ಅಂತ ಹೆಂಡತಿ ಗೊಣಗಾಕ ಹತ್ತಿದಳು. ಅಷ್ಟರಾಗ ಬೀಗತಿ ಮುಂದ ಬಂದಳು. ತನ್ನ ಕಿವಿಯ ಮುತ್ತಿನ ಬೆಂಡೋಲೆ ತಿರುವಿ ತಿರುವಿ ಬಿಚ್ಚಿ, ಸೊಸಿ ಕಿವಿಗೆ ತಾನಾ ಹಾಕಿದಳು.

"ನನ್ನ ಫೋಟೋದಾಗೂ ಇವಾ ಅದಾವ" ಅಂದಳು. ಅಷ್ಟಾ ಅಂದಳು.

ಫಟ್ ಅಂತು. ಸಣ್ಣಾಕಿ ಕಂಪ್ಯೂಟರ ಮುಂದ ಕುಂತಳು. ಈ ಸಲ ನಾ ಯಾರನ್ನೂ ಕರೀಲಿಲ್ಲ, ತಾವಾ ಬಂದರು. ನೀಲಿ ಹೋತು. ಬಾವಿ ಕಟ್ಟಿ ಮ್ಯಾಲ ನನ್ನ ಮೊಮ್ಮಗಳು ಕುಂತಿದ್ದಳು. ಇಡೀಯಾಗಿ. ಸೀರಿ, ಕುಬಸ, ಕೈತುಂಬ ಬಳಿ, ಉಡಿ, ಉಡಿಯೊಳಗಿನ ತೆಂಗಿನಕಾಯಿ, ಅದರ ಹಿಂದ ಹೊಟ್ಟಿ. ಗಡಗಡಿ ಆಕಿ ಹಿಂದ ಸರದು ನಿಂತಿತ್ತು.

ಬೀಗತಿ ಕಣ್ಣು ಸಣ್ಣ ಮಾಡಿ ನೋಡಿದಳು. ನೋಡೇ ನೋಡಿದಳು.

"ನೆಳ್ಳ ಎಲ್ಲೈತಿ?" ಅಂದಳು.

"ಅತ್ತಿ?"

"ಬಿಸಲಿನ್ಯಾಗ ಕುಂತಾಳ. ಗಡಗಡಿಗೆ ನೆಳ್ಳೈತಿ, ಕಟ್ಟಿಗೆ ನೆಳ್ಳೈತಿ. ನನ್ನ ಸೊಸಿಗೆ ಬ್ಯಾಡೇನು?"

ಯಪ್ಪಾ, ಈ ಹೆಣ್ಣುಮಗಳ ಕಣ್ಣು ನನ್ನ ಅಂಗಡಿಗೆ ಎಂದೂ ಗಿರಾಕಿಯಾಗಿ ಬರಲಿಲ್ಲ, ನಾ ಪುಣ್ಯ ಮಾಡಿದ್ದೆ. ಸಣ್ಣಾಕಿ ಮಾತ್ರ ಸಿಟ್ಟಾಗಲಿಲ್ಲ. "ಖರೇ ಐತಿ ಅತ್ತಿ, ನಾ ಮರತಿದ್ದೆ" ಅಂತ ಆಕಿನ್ನ ಬಾಜೂಕ ಕುಂಡರಿಸಿಕೊಂಡಳು. ಇಬ್ಬರೂ ಕೂಡಿ ನೆಳ್ಳ ಹಾಕಿದರು. ಇಷ್ಟು ಉದ್ದ ಬ್ಯಾಡ, ಇಷ್ಟು ಕಪ್ಪ ಬ್ಯಾಡ, ನಮ್ಮ ಹೊಲದಾಗ ಮುಂಜಾನಿ ನೆಳ್ಳ ಹಿಂಗ ಬೀಳತೈತಿ ಅಂತ ಬೀಗತಿ ಬೆರಳಿನಿಂದ ಗಾಜಿನ ಮ್ಯಾಲ ಗೆರಿ ಎಳದು ತೋರಿಸಿದಳು. ಹಿರ್ಯಾಕಿ ಹಿಂದ ನಿಂತು ಇಬ್ಬರ ಹೆಗಲ ಮ್ಯಾಲೂ ಕೈ ಇಟ್ಟಿದ್ದಳು. ಫೋಟೋ ಪ್ರಿಂಟ್ ಮಷೀನಿನಿಂದ ಬಿಸಿ ಬಿಸಿ ಹೊರಗ ಬರೂದಕ್ಕೂ, ಮ್ಯಾಲ ನನ್ನ ಸೊಸಿ, ಈ ಹುಡಿಗ್ಯಾರ ತಾಯಿ, ದೇವರ ಮುಂದ ದೀಪ ಹಚ್ಚೂದಕ್ಕೂ ಸರಿ ಹೋತು.

ಬೀಗತಿ ಅದನ್ನ ಎರಡೂ ಕೈಲೆ ಹಿಡದು ಒಂದು ಮಾತು ಹೇಳಿದಳು. "ಅಜ್ಜಾರ, ಆ ಮಳಿ ಸ್ವಲ್ಪ ಸಡಲ ಐತಿ. ನಾಳೆ ಬಂದು ಗಟ್ಟಿ ಬಡದು ಕೊಡ್ರಿ. ನೀವಾ ಬರಬೇಕು."

ಮಳಿ ಬಡಿಯೂದು ಟೇಲರನ ಕೆಲಸ ಅಲ್ಲ. ಆದರೂ ಹೂಂ ಅಂದೆ.

ಊಟಕ್ಕ ಎಲ್ಲಾರೂ ಪಡಸಾಲ್ಯಾಗ ಸಾಲಾಗಿ ಕುಂತಿವಿ. ಹಾಸಾಕ ಚಾಪಿ ಸಾಲಲಿಲ್ಲ. ಹೆಂಡತಿ ಒಳಗಿಂದ, ನಾನು ಟ್ರಂಕಿನಿಂದ ಉಳಿಸಿ ತಂದ ನೀಲಿ ತುಂಡು ತಂದು, ಉದ್ದಕ ಬಿಚ್ಚಿ ಹಾಸಿದಳು. "ಚಿಂದಿ ಮ್ಯಾಲ ಕುಂದರ್ರಿ" ಅಂತ ನನ್ನ ಕಡೆ ನೋಡದ ಅಂದಳು. ಹೋಳಿಗಿ, ಎಣ್ಣಿಗಾಯಿ, ಸಜ್ಜಿ ರೊಟ್ಟಿ, ಮೊಸರನ್ನ. ಹಿರ್ಯಾಕಿ ಸೀರಿ ಬದಲ ಮಾಡೂದು ಮರತು ಹಸರ ಸೀರಿಯಾಗ ನೀಲಿ ಮ್ಯಾಲ ನಡುವ ಕುಂತಿದ್ದಳು. ಆಕಿ ಎಲಿಗೆ ಬೀಗತಿ ಒಂದು ಹೋಳಿಗಿ, ಹೆಂಡತಿ ಒಂದು ಹೋಳಿಗಿ, ಸಣ್ಣಾಕಿ ತನ್ನದರಾಗಿಂದ ಅರ್ಧ ಹಾಕಿದರು. ಬೀಗ ತುಪ್ಪದ ಗಿಂಡಿ ನನ್ನ ಕಡೆ ಸರಿಸಿದ.

"ಮುತ್ಯಾ, ತುಪ್ಪ ಬಟ್ಟಿ ಮ್ಯಾಲ ಚೆಲ್ಲಬ್ಯಾಡ!" ಅಂತ ಸಣ್ಣಾಕಿ ಒದರಿದಳು. "ಅದನ್ನ ಸ್ಟೂಲಿಗೆ ಹೊದಸಾಕ ಇಡಬೇಕು, ಇವತ್ತ ಸ್ಟೂಲನ್ನ ಕೈಯಿಂದ ಕತ್ತರಿಸೇನಿ."

ಅಷ್ಟರಾಗ ಚೆಲ್ಲಿತ್ತು. ನಾ ಅದರ ಮ್ಯಾಲ ಮಂಡಿ ಇಟ್ಟು ಮುಚ್ಚಿಕೊಂಡು, ಎರಡನೇ ಹೋಳಿಗಿ ಮುರದೆ.